ಕಾಕಾನ ಹಾಡಿಗೆ ಮೂರು ಕಾವಲು ನಾಯಿ

ವಿಜ್ಞಾನ ಕಲಿಸುವವನಿಗೆ ಕಂಪ್ಯೂಟರ್ ತಾನಾಗಿಯೇ ಬರುತ್ತದೆ ಎಂದು ನಮ್ಮ ಶಾಲೆಯಲ್ಲಿ ಎಲ್ಲರೂ ನಂಬಿದ್ದಾರೆ. ಹಾಗೆ ನಂಬಿದವರಲ್ಲಿ ಮೊದಲನೆಯವನು ನಾನೇ. ಗುಡಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಜೋಳದ ಚೀಲಗಳ ಪಕ್ಕದ ಮೇಜಿನ ಮೇಲೆ ಒಂದು ಕಂಪ್ಯೂಟರ್ ಇದೆ. ನನ್ನ ಹೆಂಡತಿ ಹಳೆಯ ಇಳಕಲ್ ಸೀರೆಯ ಸೆರಗು ಕತ್ತರಿಸಿ ಅದಕ್ಕೊಂದು ಹೊದಿಕೆ ಹೊಲಿದಿದ್ದಾಳೆ. ತಂದದ್ದು ಪ್ರಶ್ನೆಪತ್ರಿಕೆ ಮಾಡಲೆಂದು, ದುಡ್ಡು ಕೊಟ್ಟವನು ನಾನು. ಆದರೂ ಮನೆಯಲ್ಲಿ ಅದನ್ನು ಎಲ್ಲರೂ ಕರೆಯುವುದು ಕಾಕಾನ ಪೆಟ್ಟಿಗೆ ಎಂದು.

ಕಾಕಾ ನನ್ನ ಅಪ್ಪನ ತಮ್ಮ. ಮದುವೆ ಮಾಡಿಕೊಳ್ಳದೆ ಕುರಿ ಕಾಯುತ್ತ, ಡೊಳ್ಳಿನ ಪದ ಹಾಡುತ್ತ ಆಯುಷ್ಯ ಕಳೆದವನು. ಮೂರು ವರ್ಷದ ಹಿಂದೆ ಅವನ ಗಂಟಲಿಗೆ ಆಪರೇಷನ್ ಆಯಿತು. ಮಾತು ಉಳಿಯಿತು, ಹಾಡು ಹೋಯಿತು. ಅದಕ್ಕೆ ಮೊದಲಿನ ಚಳಿಗಾಲದಲ್ಲಿ, ಏನು ಬುದ್ಧಿ ಬಂದಿತ್ತೋ, ಅವನ ಮೂವತ್ತೆಂಟು ಪದಗಳನ್ನು ನನ್ನ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಂಪ್ಯೂಟರಿಗೆ ಹಾಕಿಟ್ಟಿದ್ದೆ. ಮುಂದೆ ಆ ಮೊಬೈಲು ನೀರಿನ ತೊಟ್ಟಿಗೆ ಬಿದ್ದು ಸತ್ತಿತು. ಕಾಕಾನ ಹಾಡು ಉಳಿದದ್ದು ಆ ಪೆಟ್ಟಿಗೆಯೊಳಗೆ ಮಾತ್ರ.

ಆ ಹಾಡುಗಳಲ್ಲಿ ಒಂದು ಕೊರತೆಯಿದೆ, ಅದನ್ನು ಮುಚ್ಚಿಡುವುದಿಲ್ಲ. ಡೊಳ್ಳಿನ ಪದಕ್ಕೆ ಹಿಂದೆ ನಿಂತು ಪಲ್ಲವಿ ಎತ್ತಿಕೊಳ್ಳುವವರು ಬೇಕು. ಮೇಳದವರು ಸಿಗದ ಕಾರಣ ಆ ಕೆಲಸ ನಾನೇ ಮಾಡಿದ್ದೆ. ನಾನು ಬಾಯಿ ತೆರೆದ ಕಡೆಯೆಲ್ಲ ಹಿತ್ತಲಿನ ಎಮ್ಮೆಕರು ಹಗ್ಗ ಜಗ್ಗುತ್ತದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಬಿಡುವಾದಾಗ ನನ್ನ ದನಿಯನ್ನಷ್ಟೇ ಕತ್ತರಿಸಿ ತೆಗೆಯಬೇಕು ಎಂದುಕೊಂಡಿದ್ದೆ. ಕಾಕಾ ದಿನಾ ಮುಂಜಾನೆ ರೊಟ್ಟಿ ತಿಂದು, ಮೇಜಿನ ಮುಂದೆ ಕೂತು, ಒಂದು ಪದ ಕೇಳುತ್ತಿದ್ದ. ನಡುನಡುವೆ ಹೆಗಲು ಕುಣಿಸಿ ನಗುತ್ತಿದ್ದ. ತನ್ನ ಹಾಡಿಗೆ ತಾನೇ ಖುಷಿಪಡುತ್ತಾನೆ ಎಂದು ನಾನು ತಿಳಿದಿದ್ದೆ.

ಹೋದ ವರ್ಷ ಜಾತ್ರೆಗೀತ್ರೆ ಏನೂ ಇಲ್ಲದ ಒಂದು ಸಾದಾ ಸೋಮವಾರ, ಪ್ರಶ್ನೆಪತ್ರಿಕೆಯ ಝೆರಾಕ್ಸ್ ಮಾಡಿಸಲು ಪೆನ್‌ಡ್ರೈವ್ ಒಯ್ದಿದ್ದೆ. ಅದು ಎಷ್ಟು ಕಂಪ್ಯೂಟರುಗಳ ಎಂಜಲು ನೆಕ್ಕಿಕೊಂಡು ಬಂತೋ ಗೊತ್ತಿಲ್ಲ. ಮರುದಿನ ಕಾಕಾ ಹಾಡು ಹಚ್ಚಲು ಹೋದರೆ, ಕರೆಯದೆಯೇ ಪರದೆ ತುಂಬ ಜಾಹೀರಾತು ಬಂದು ರಮ್ಮಿ ಆಡಲು ಕರೆಯಿತು. ಇಸ್ಪೀಟು ಮುಟ್ಟದ ಮನುಷ್ಯ ಕಾಕಾ. ಅವನು ಅಡುಗೆಮನೆಯ ಕಡೆ ತಿರುಗಿ, "ಯವ್ವಾ, ನಿನ್ನ ಗಂಡ ಯಾವ ಚಟಕ್ಕ ಬಿದ್ದಾನ ನೋಡಬೇ" ಎಂದು ನನ್ನ ಹೆಂಡತಿಗೆ ಕೂಗಿ ಹೇಳಿದ.

ನಾನು ಅವನಿಗೆ ವೈರಸ್ ಎಂದರೇನು ಎಂದು ತಿಳಿಸಿದೆ. ಹಾಗೆಯೇ ಸ್ಪೈವೇರ್ ಎಂಬುದೊಂದಿದೆ, ಅದು ಏನನ್ನೂ ಕೆಡಿಸುವುದಿಲ್ಲ, ಒಳಗೆ ಕೂತು ನಾವು ಏನೇನು ಮಾಡುತ್ತೇವೆ ಎಂದು ನೋಡಿ ಹೊರಗಿನವರಿಗೆ ಹೇಳುತ್ತದೆ ಎಂದೆ. ಕಾಕಾ ತಲೆದೂಗಿ, "ಅಂಥಾವ್ರು ನಮ್ಮ ಕಟ್ಟಿ ಮ್ಯಾಲ ನಾಕ ಮಂದಿ ಅದಾರ" ಎಂದ.

ಇನ್ನು ಅದಕ್ಕೆ ಔಷಧಿ, ಎಂದರೆ ಆಂಟಿವೈರಸ್, ಆರಿಸುವ ಕೆಲಸ. ಶಿಕ್ಷಕರ ಕೊಠಡಿಯಲ್ಲಿ ಕೇಳಿದೆ. ಹನ್ನೊಂದು ಜನರಿದ್ದೆವು, ಹನ್ನೊಂದು ಸಲಹೆ ಬಂದವು. ಕೊನೆಗೆ ಪುಕ್ಕಟೆ ಸಿಗುವವುಗಳಲ್ಲಿ ಮೂರು ಉಳಿದವು: ಗುರಾಣಿ ಚಿತ್ರದ್ದು, ಬೀಗದ ಚಿತ್ರದ್ದು, ಸ್ಪೈವೇರ್ ಹಿಡಿಯುವುದರಲ್ಲಿ ಹುಲಿ ಎಂದು ತನ್ನನ್ನು ತಾನೇ ಹೊಗಳಿಕೊಂಡಿದ್ದ ಹದ್ದಿನ ಚಿತ್ರದ್ದು. ಯಾವುದು ಒಳ್ಳೆಯದು ಎಂದು ನಾನು ಮೀಸೆ ತಿರುವುತ್ತ ಕೂತಿದ್ದಾಗ ಹೆಂಡತಿ ಅಂದಳು: "ಮೊದಲ ಅದರ ಬಗ್ಗೆ ಬರದದ್ದು ಓದ್ರಿ. ಪುಕ್ಕಟೆ ಅಂದ ಕೂಡಲೆ ಚೀಲ ಹಿಡಕೊಂಡು ಓಡಬ್ಯಾಡ್ರಿ."

ಕಾಕಾ ಬೇರೆಯದೇ ಹೇಳಿದ. "ನೂರು ಕುರಿ ಹಿಂಡನ್ನ ಒಂದ ನಾಯಿ ಮ್ಯಾಲ ಬಿಡ್ತಾರೇನಲೇ? ತೋಳ ಮುಂದಿನಿಂದ ಬಂದ್ರ ಹಿಂದ ನೋಡಾವ್ರು ಯಾರು? ಮೂರೂ ಕಟ್ಟು."

ಹೆಂಡತಿಯ ಮಾತು ಬಿಟ್ಟು ಕಾಕಾನ ಮಾತು ಹಿಡಿದೆ, ಯಾಕೆಂದರೆ ಅದರಲ್ಲಿ ಓದುವ ಕೆಲಸ ಇರಲಿಲ್ಲ. ಮೂರನ್ನೂ ಒಂದೇ ರವಿವಾರ ಇಳಿಸಿದೆ. ಕೇಳಿದ್ದಕ್ಕೆಲ್ಲ ಹೂಂ ಹೂಂ ಎಂದು ಒತ್ತುತ್ತ ಹೋದದ್ದರಿಂದ ಹವಾಮಾನ ಹೇಳುವ ಪಟ್ಟಿಯೊಂದು ತಾನೂ ಬರುತ್ತೇನೆಂದು ಒಳಗೆ ಬಂತು. ಗುಡಗೇರಿಯಲ್ಲಿ ನಾಳೆ ಹಿಮ ಬೀಳುತ್ತದೆ ಎಂದು ಅದು ತಿಳಿಸಿತು. ಕಾಕಾ ಕಂಬಳಿ ತೆಗೆದಿಟ್ಟುಕೊಂಡ.

ಸೋಮವಾರದಿಂದ ಕಂಪ್ಯೂಟರ್ ಚಾಲೂ ಆಗುವಷ್ಟರಲ್ಲಿ ಹೆಂಡತಿ ಹಾಲು ಕಾಸಿ, ರೊಟ್ಟಿ ಬಡಿದು, ಕೈ ತೊಳೆದುಕೊಂಡು ಬರತೊಡಗಿದಳು. ಚಾಲೂ ಆದ ಮೇಲೂ ನೆಮ್ಮದಿ ಇಲ್ಲ. ಗುರಾಣಿಯದು ಬೀಗದ ಮೇಲೆ ಸಂಶಯವಿದೆ ಎನ್ನುವುದು, ಬೀಗದ್ದು ಹದ್ದನ್ನು ಹಿಡಿದಿದ್ದೇನೆ ಎನ್ನುವುದು, ಹದ್ದು ಇಬ್ಬರನ್ನೂ ಹೊರಗೆ ಹಾಕಲೇ ಎಂದು ನನ್ನನ್ನು ಕೇಳುವುದು. ಆ ಜಗಳದ ನಡುವೆ ರಮ್ಮಿಯ ಜಾಹೀರಾತು ಮಾತ್ರ ಅರಾಮಾಗಿ ಬಂದು ಹೋಗಿ ಮಾಡುತ್ತಿತ್ತು.

ಕಾಕಾ ಎರಡು ದಿನ ನೋಡಿದ. ಮೂರನೇ ದಿನ, "ತಪ್ಪು ನಂದ ಐತಿ" ಎಂದ. ಕಾಕಾ ತಪ್ಪು ಒಪ್ಪಿಕೊಂಡದ್ದನ್ನು ನಾನು ಅದೇ ಮೊದಲ ಸಲ ಕೇಳಿದ್ದು. "ಹಿಂಡಿನ ನಾಯಿ ಅಂದ್ರ ಹಿಂಡಿನ್ಯಾಗ ಹುಟ್ಟಿ ಬೆಳದಿರಬೇಕು. ನಾವು ಕಣ್ಣು ತೆರೀದ ಮರಿಗೆ ಕುರಿ ಹಾಲು ಕುಡಿಸಿ, ಕುರಿಮರಿ ಜೋಡಿ ಮಲಗಸ್ತಿದ್ವಿ. ನೀ ಮೂರು ಊರಿನ ನಾಯಿ ತಂದು ಒಂದ ಹಟ್ಟ್ಯಾಗ ಕಟ್ಟಿದಿ. ಅವು ತೋಳ ನೋಡ್ತಾವೋ, ಒಂದರ ಮಾರಿ ಒಂದು ನೋಡ್ತಾವೋ?"

ಎರಡನ್ನು ತೆಗೆದುಹಾಕಿ ಗುರಾಣಿಯದನ್ನು ಮಾತ್ರ ಉಳಿಸಿದೆ. ಅದು ಇಡೀ ಕಂಪ್ಯೂಟರ್ ತಡಕಾಡಿ, ಇಷ್ಟೆಲ್ಲ ಹೊಲಸು ಸಿಕ್ಕಿದೆ, ಅಳಿಸಲೇ ಎಂದು ಒಂದು ಉದ್ದನೆಯ ಪಟ್ಟಿ ತೋರಿಸಿತು. ಓದಲಿಲ್ಲ, ಒತ್ತಿದೆ. ಎಲ್ಲ ಸ್ವಚ್ಛವಾಯಿತು. ರಮ್ಮಿ ಹೋಯಿತು, ಹಿಮ ಹೋಯಿತು. ಕಾಕಾನ ಹಾಡು ಇಟ್ಟಿದ್ದ ಫೋಲ್ಡರೂ ಹೋಯಿತು.

ಹುಡುಕಿದೆ, ಮತ್ತೆ ಹುಡುಕಿದೆ. ಹಿತ್ತಲಿನಲ್ಲಿ ಕಾಕಾ ಬಿಸಿಲಿಗೆ ಕೂತು ಉಣ್ಣೆಯ ನೂಲು ತೆಗೆಯುತ್ತಿದ್ದ. ಆ ದನಿಯನ್ನು ಅವನು ಇನ್ನೊಮ್ಮೆ ಹಾಡಿ ಕೊಡಲಾರ. ನನ್ನ ಮೇಲೆ ನನಗೇ ಎಷ್ಟು ಸಿಟ್ಟು ಬಂತೆಂದರೆ ಮೇಜಿನ ಕಾಲಿಗೆ ಒದ್ದು ಬೆರಳು ನೋಯಿಸಿಕೊಂಡೆ. ಹೆಂಡತಿ ಬಂದು ನನ್ನ ಮುಖ ನೋಡಿದಳು, ಪರದೆ ನೋಡಿದಳು. ನಾನು ಹೇಳಿರಲಿಲ್ಲವೇ ಎಂದು ಅವಳು ಅನ್ನಬಹುದಿತ್ತು, ಅನ್ನಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಹೆದರಿಕೆಯಾಯಿತು.

ಕಾಕಾನಿಗೆ, "ಪೆಟಗಿ ಸ್ವಲ್ಪ ಬಿಸಿ ಆಗೇತಿ, ಕುಂದಗೋಳಕ್ಕ ಒಯ್ದು ತೋರಿಸ್ಕೊಂಡು ಬರ್ತೀನಿ" ಎಂದು ಸುಳ್ಳು ಹೇಳಿದೆ. ಅವನು ಎದ್ದು ರುಮಾಲು ಸುತ್ತಿಕೊಂಡ. "ನಡಿ, ಹೋಗೂಣು. ಬಸ್ಸಿನ್ಯಾಗ ಕುಲುಕತೈತಿ, ನಾ ತೊಡಿ ಮ್ಯಾಲ ಇಟಕೋತೀನಿ." ಹಿಮಕ್ಕೆಂದು ತೆಗೆದಿಟ್ಟಿದ್ದ ಕಂಬಳಿಯನ್ನು ಪೆಟ್ಟಿಗೆಗೆ ಸುತ್ತಿ, ಎಳೆ ಮರಿಯನ್ನು ಹಿಡಿದಂತೆ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತ. ಕಂಡಕ್ಟರ್ ಇದಕ್ಕೆ ಅರ್ಧ ಟಿಕೆಟ್ ಬೇಕೇ ಎಂದು ಚೇಷ್ಟೆ ಮಾಡಿದ. ನನಗೆ ನಗು ಬರಲಿಲ್ಲ.

ಕುಂದಗೋಳದ ಬಸ್ ನಿಲ್ದಾಣದ ಹತ್ತಿರ ಕಂಪ್ಯೂಟರ್ ರಿಪೇರಿ ಮತ್ತು ಝೆರಾಕ್ಸಿನ ಅಂಗಡಿ ಇಟ್ಟಿರುವ ಒಬ್ಬ ಹೆಣ್ಣುಮಗಳಿದ್ದಾಳೆ. ಹಿಂದೆ ನನ್ನ ವಿದ್ಯಾರ್ಥಿನಿಯಾಗಿದ್ದವಳು. ಪೆಟ್ಟಿಗೆಯನ್ನು ತನ್ನ ಪರದೆಗೆ ಜೋಡಿಸಿ, ನಾನು ಮಾಡಿದ್ದನ್ನೆಲ್ಲ ಕೇಳಿಕೊಂಡಳು.

"ಮೂರ ಹಾಕಿದ್ರೇನ್ರಿ ಸರ?"

"ಹೂಂ."

"ಓದದ ಅಳಿಸಿದ್ರೇನ್ರಿ?"

"ಹೂಂ."

"ಪರೀಕ್ಷಾದಾಗ ನಮಗ ಪ್ರಶ್ನೆ ಎರಡ ಸಲ ಓದ್ರಿ ಅಂತ ಹೇಳ್ತಿದ್ರಿ" ಎಂದು ಮೆತ್ತಗೆ ಹೇಳಿ ಮೌಸ್ ಹಿಡಿದಳು. ಸೆಟ್ಟಿಂಗಿನೊಳಗೆ ಎಲ್ಲಿಯೋ ಹೋಗಿ ಒಂದು ಚಿಕ್ಕ ಟಿಕ್ ಗುರುತು ತೆಗೆದಳು. ಪರದೆಯ ಮೇಲೆ, ಸ್ವಲ್ಪ ಮಾಸಿದ ಬಣ್ಣದಲ್ಲಿ, ಕಾಕಾನ ಫೋಲ್ಡರ್ ಬಂದು ನಿಂತಿತು. ಮೂವತ್ತೆಂಟೂ ಇದ್ದವು. ಪೆನ್‌ಡ್ರೈವಿನಿಂದ ಬಂದ ವೈರಸ್ ನಿಜವಾದ ಫೋಲ್ಡರನ್ನು ಕಣ್ಣಿಗೆ ಕಾಣದಂತೆ ಬಚ್ಚಿಟ್ಟು, ಅದೇ ಹೆಸರಿನಲ್ಲಿ ತಾನು ಕೂತಿತ್ತಂತೆ. ಗುರಾಣಿಯದು ಅಳಿಸಿದ್ದು ಆ ಸೋಗಿನದನ್ನು.

ಕಾಕಾ ಅವಳನ್ನು ಕೇಳಿದ: "ತಂಗೀ, ಇದಕ್ಕ ಯಾವ ನಾಯಿ ಛಲೋ?"

ನಾನು ಅರ್ಥ ಹೇಳಿದ ಮೇಲೆ ಅವಳು ನಕ್ಕಳು. "ಕಂಪ್ಯೂಟರ್ ಜೋಡಿನ ಬಂದದ್ದು ಒಂದು ಒಳಗ ಐತ್ರಿ ಅಜ್ಜಾರ, ಅದೂ ಪುಕ್ಕಟೇನ. ನಿಮ್ಮಂಥಾ ಮನಿಗೆ ಅದ ಸಾಕು. ಅಪ್‌ಡೇಟ್ ಇಲ್ಲದ ಅದಕ್ಕ ಈ ವೈರಸ್ ಗುರುತು ಸಿಕ್ಕಿಲ್ಲ, ಸರ ಹೊರಗಿನವು ತಂದಕೂಡ್ಲೇ ಸುಮ್ಮನ ಮೂಲ್ಯಾಗ ಕುಂತೈತಿ. ಅದನ್ನ ಎಬ್ಬಿಸಿ, ಆಗಾಗ ಅಪ್‌ಡೇಟ್ ಮಾಡ್ರಿ. ಮತ್ತ ಹಾಡು ಇನ್ನೊಂದು ಕಡೆನೂ ಇಡ್ರಿ."

ಹಿಂಡಿನಲ್ಲೇ ಹುಟ್ಟಿದ ನಾಯಿ ಮೊದಲಿನಿಂದಲೂ ಮನೆಯಲ್ಲಿತ್ತು. ಕಾಕಾ ನನ್ನ ಕಡೆ ನೋಡಿದ. ಆ ನೋಟ ಸಾಕಾಗಿತ್ತು.

ಅವಳು ಪರೀಕ್ಷೆಗೆಂದು ಒಂದು ಪದ ಹಚ್ಚಿದಳು. ಕಾಕಾನ ಹಳೆಯ ದನಿ ಅಂಗಡಿ ತುಂಬಿತು. ಝೆರಾಕ್ಸಿಗೆ ನಿಂತವರು ಮಾತು ನಿಲ್ಲಿಸಿದರು. ಪಲ್ಲವಿ ಬಂತು, ಹಿಂದಿನಿಂದ ನನ್ನ ಒದರಾಟವೂ ಬಂತು. ನಾಚಿಕೆಯಾಗಿ, "ಇದರಾಗ ನನ್ನ ದನಿ ಅಷ್ಟ ತಗೀಲಿಕ್ಕೆ ಬರ್ತೈತೇನವಾ?" ಎಂದು ಅವಳನ್ನು ಕೇಳಿದೆ. ಕಾಕಾ ದಿನದಂತೆ ಹೆಗಲು ಕುಣಿಸಿ ನಗುತ್ತಿದ್ದವನು ತಟ್ಟನೆ ನನ್ನ ಮೊಣಕೈ ಹಿಡಿದ.

"ಅದಕ್ಕ ಕೈ ಹಚ್ಚೀ ಅಂದ್ರ ನೋಡು ಮತ್ತ" ಎಂದ. ಸೀಳಿದ ದನಿ, ಅದರಲ್ಲೇ ಜೋರು ಮಾಡಲು ನೋಡಿದ. "ಫೋಲ್ಡರ್ ಹೋಗೇತಿ ಅಂತ ನಿನ್ನ ಮಾರಿ ನೋಡಿದಾಗ ನಂಗ ತಿಳಿದಿತ್ತಲೇ. ನನ್ನ ಹಾಡು ನನ್ನ ತಲ್ಯಾಗ ಐತಿ, ಅದು ಎಲ್ಲೂ ಹೋಗಂಗಿಲ್ಲ. ನೀ ಹಿಂದ ನಿಂತು ಒದರೂದು ಮಾತ್ರ ಈ ಪೆಟಗ್ಯಾಗ ಐತಿ. ನಾ ದಿನಾ ಕೇಳಾಕ ಕೂಡೂದ ಅದನ್ನ."

ಬಸ್ಸಿನಲ್ಲಿ ಮರಳುವಾಗ ಪೆಟ್ಟಿಗೆಯನ್ನು ನಾನು ಇಟ್ಟುಕೊಳ್ಳುತ್ತೇನೆ ಎಂದರೂ ಅವನು ಕೊಡಲಿಲ್ಲ.