ನಾವೆ ಹತ್ತದ ನೋಹನ ಹೆಂಡತಿ

ಅಮೆರಿಕದ ಡಬ್ಲಿನ್‌ನ ನಮ್ಮ ಇಗರ್ಜಿಯ ಪಾರ್ಕಿಂಗ್ ಲಾಟಿನಲ್ಲಿ ಕಳೆದ ವರ್ಷ ಜಲಪ್ರಳಯವಾಯಿತು. ನಾನು ನೋಹನ ಹೆಂಡತಿ. ಕಲಿತದ್ದು ಐದನೇ ಕ್ಲಾಸು, ವೇಷ ಹಾಕಿದ್ದು ಅದೇ ಮೊದಲು.

ನಾಟಕ ಆಡಿಸಿದವಳು ನನ್ನ ತಂಗಿ. ನೂರಾರು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಬಡಗಿಗಳು, ರೊಟ್ಟಿ ಸುಡುವವರು, ಮೀನು ಹಿಡಿಯುವವರು ಗಾಡಿಯ ಮೇಲೆ ನಿಂತು ಬೈಬಲಿನ ಕಥೆಗಳನ್ನು ಬೀದಿಯಲ್ಲೇ ಆಡುತ್ತಿದ್ದರಂತೆ. ಪ್ರಳಯ ಬಂದಾಗ ನೋಹ ಮನೆಮಂದಿಯನ್ನೂ ಜೋಡಿ ಜೋಡಿ ಪ್ರಾಣಿಗಳನ್ನೂ ಹತ್ತಿಸಿಕೊಂಡ ನಾವೆಯ ಕಥೆ ಹಡಗು ಕಟ್ಟುವವರ ಪಾಲಿಗೆ. ನಮ್ಮ ಮಂಗಳೂರಿನವರ ಗುಂಪಿನಲ್ಲಿ ಎಲ್ಲರೂ ಕಂಪ್ಯೂಟರಿನವರು. ಒಂದು ಪಿಕಪ್ ಟ್ರಕ್ಕಿಗೆ ಫ್ರಿಜ್ಜಿನ ರಟ್ಟು ಕಟ್ಟಿ ನಾವೆ ಮಾಡಲು ನಾಲ್ಕು ಇಂಜಿನಿಯರುಗಳು ಆರು ಮೀಟಿಂಗು ಮಾಡಿದರು.

ತಂಗಿ ತನಗೆ ದೇವರ ಪಾತ್ರ ಇಟ್ಟುಕೊಂಡಳು. ಮಳೆ ನಿಂತ ಮೇಲೆ ದೇವರು ಏಣಿಯ ತುದಿಯಿಂದ ಮಾತಾಡಬೇಕು. ಆ ಮಾತನ್ನು ಅವಳೇ ಬರೆದು, ಮೂರು ತಿಂಗಳು ಆಫೀಸಿಗೆ ಹೋಗುವ ರೈಲಿನಲ್ಲಿ ತಿದ್ದಿದ್ದಳು. "ಅಕ್ಕಾ, ನಾಟಕ ಮಾಡುವುದೇ ಆ ಮಾತಿಗೋಸ್ಕರ" ಎಂದಿದ್ದಳು.

ಗೆಳತಿಯರನ್ನು ಬಿಟ್ಟು ನಾವೆ ಹತ್ತಲು ನೋಹನ ಹೆಂಡತಿಗೆ ಮನಸ್ಸಿಲ್ಲ. ನಾನು ಮೂರು ಸಲ ಒಲ್ಲೆನೆಂದು, ನಾಲ್ಕನೆಯ ಸಲಕ್ಕೆ ಗಂಡನಿಗೊಂದು ಏಟು ಕೊಟ್ಟು ಹತ್ತಬೇಕು. ಐದು ಗಂಟೆಗೆ ಸ್ಪ್ಯಾನಿಷ್ ಪೂಜೆಗೆ ಬರುವವರ ಕಾರುಗಳಿಗೆ ಲಾಟು ಬಿಟ್ಟುಕೊಡಬೇಕು. ಎರಡೂ ನನಗೆ ಗೊತ್ತಿತ್ತು.

ಮೊದಲ ಸಲಕ್ಕೇ ಜನ ನಕ್ಕರು. ಮೂರನೆಯದಕ್ಕೆ ಕುರ್ಚಿಗಳು ಅಲುಗಾಡಿದವು. ಅಲ್ಲಿಗೆ ನಿಲ್ಲಿಸಬೇಕಿತ್ತು.

"ಕುಕ್ಕರ್ ಇಟ್ಟಿದ್ದೇನೆ, ಮೂರು ವಿಸಿಲ್ ಆಗಲಿ" ಎಂದೆ.

ನೋಹನ ವೇಷ ಹಾಕಿದ್ದ ಹಲ್ಲಿನ ಡಾಕ್ಟರು ತಬ್ಬಿಬ್ಬಾದರು. "ನೀರು ಸೊಂಟಕ್ಕೆ ಬಂತು, ಹತ್ತು ಮಾರಾಯ್ತಿ."

"ಒಂಟೆ ಕೂತ ಜಾಗದಲ್ಲಿ ನಾನು ಕೂರುವುದಾ? ಮೊದಲು ಗುಡಿಸಿ."

ಮಾತಾಡಿಸಿದರೆ ಇಂಗ್ಲಿಷಿನಲ್ಲೇ ಉತ್ತರಿಸುವ ಮಕ್ಕಳೂ ಬಿದ್ದು ಬಿದ್ದು ನಕ್ಕರು. ಆಗ ಏಣಿಯ ಕಡೆ ನೋಡಿದೆ. ತಂಗಿ ಹತ್ತಿಯ ಗಡ್ಡ ಹಾಕಿಕೊಂಡು ಹೊತ್ತಾಯಿತೆಂದು ಮಣಿಕಟ್ಟು ತಟ್ಟಿ ತೋರಿಸುತ್ತಿದ್ದಳು. ನೋಡಿದೆ, ಮುಖ ತಿರುಗಿಸಿದೆ. ನನ್ನ ಉಪ್ಪಿನಕಾಯಿ ಭರಣಿ ಎಲ್ಲಿ ಎಂದು ಹೊಸ ಜಗಳ ತೆಗೆದೆ.

ಚಿಕ್ಕಂದಿನಿಂದ ಅವಳು ಬಾಯಿ ತೆರೆದರೆ ಮನೆಯವರೆಲ್ಲ ಕಿವಿಗೊಡುತ್ತಿದ್ದರು. ನನ್ನ ಕಡೆ ತಿರುಗುತ್ತಿದ್ದದ್ದು ಚಹಾ ಕೇಳಲು. ಅದು ಅವಳ ತಪ್ಪಲ್ಲ. ಆದರೆ ಆ ದಿನ ಇನ್ನೂರು ಕಣ್ಣು ನನ್ನ ಮೇಲಿದ್ದವು, ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ಗೇಟಿನಲ್ಲಿ ಕಾರುಗಳ ಸಾಲು ಬೆಳೆಯಿತು. ಫಾದರ್ ಕೈ ಮುಗಿದುಕೊಂಡು ಬಂದರು. ಪ್ರಳಯ ಅರ್ಧಕ್ಕೇ ನಿಂತಿತು. ದೇವರು ಒಂದು ಮಾತೂ ಆಡದೆ ಏಣಿಯಿಂದ ಇಳಿದಳು.

ಆಮೇಲೆ ಗೊಣಗಿದವರಿಗೆಲ್ಲ ಅವಳೇ ಸಮಾಧಾನ ಹೇಳಿದಳು: "ವೇಷಕ್ಕೆಂದು ಅಕ್ಕ ಕನ್ನಡಕ ತೆಗೆದಿದ್ದಳು. ನನ್ನ ಕೈ ಕಾಣಲಿಲ್ಲ." ನಾನು ತಲೆಯಾಡಿಸಿದೆ. ಒಂದು ವರ್ಷ ಆ ಸುಳ್ಳಿನಲ್ಲೇ ಬೆಚ್ಚಗಿದ್ದೆ.

ಮೊನ್ನೆ ಅಡುಗೆಮನೆಯಲ್ಲಿ ಬೀನ್ಸು ಹೆಚ್ಚುತ್ತಾ ತಂಗಿಗೆ ಹೇಳಿಬಿಟ್ಟೆ. "ಆ ದಿನ ನಿನ್ನ ಕೈ ನನಗೆ ಕಂಡಿತ್ತು."

ಅವಳು ಒಲೆಯಿಂದ ತಿರುಗಲೂ ಇಲ್ಲ. "ಗೊತ್ತುಂಟು. ನಿನ್ನ ಕನ್ನಡಕ ಓದಲಿಕ್ಕೆ ಮಾತ್ರ. ಮಾಡಿಸಿಕೊಟ್ಟವಳು ನಾನೇ ಅಲ್ಲವಾ?"

ನಾನು ಚಾಕು ಕೆಳಗಿಟ್ಟೆ.

"ಹಾಗಾದರೆ ಈಗ ಹೇಳು, ಆ ಮಾತು" ಎಂದೆ.

"ಈಗ ಎಂತ ಮಾತು? ಸಾರು ಕುದಿಯುತ್ತಾ ಉಂಟು."

"ಹೇಳೇ."

"ಒಲ್ಲೆ." ಮೂರು ಸಲ ಹಾಗೆಂದಳು. ಆಮೇಲೆ ಒಲೆ ಆರಿಸಿ, ಸೌಟು ಹಿಡಿದುಕೊಂಡೇ ನಿಂತಳು. "ಮಕ್ಕಳೇ, ನೀರು ಇಳಿಯಿತು. ಬಾಗಿಲು ತೆಗೆಯಿರಿ. ಮೊದಲು ಒದ್ದೆ ಬಟ್ಟೆ ಒಣಗಲಿಕ್ಕೆ ಹಾಕಿ, ಅಳುವುದಿದ್ದರೆ ಆಮೇಲೆ ಅಳುವ."

ಅದು ನಮ್ಮ ಅಮ್ಮನ ಮಾತು. ಪ್ರತಿ ಮಳೆಗಾಲ ಮುಗಿದಾಗ ಹಾಗೇ ಹೇಳುತ್ತಿದ್ದಳು. ದೇವರ ಬಾಯಲ್ಲಿ ತಂಗಿ ಅದನ್ನು ಇಟ್ಟಿದ್ದಾಳೆಂದು ನನಗೆ ಗೊತ್ತಿರಲಿಲ್ಲ. ನಡುವೆ ಎರಡು ಕಡೆ ನನಗೊಂದು ಒಳ್ಳೆಯ ಜೋಕು ಬಾಯಿಗೆ ಬಂತು. ನುಂಗಿಕೊಂಡು ಕೊನೆಯವರೆಗೆ ಕೇಳಿದೆ.