ಅತ್ತೆ ತಿದ್ದದೆ ಬಿಟ್ಟ ಆದೇಶ

ನನ್ನ ಸೋದರತ್ತೆ ಕಾನೂನು ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದವಳು. ತಪ್ಪು ಕಂಡರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಬಾಡಿಗೆ ಕರಾರು, ಔಷಧಿ ಡಬ್ಬಿಯ ಚೀಟಿ, ಎಲ್ಲದರ ಮೇಲೂ ಕೆಂಪು ಶಾಯಿ. ಗಂಡ ತೀರಿಕೊಂಡಾಗ ಬಂದ ಸಂತಾಪಪತ್ರಗಳನ್ನೂ ಅಳುತ್ತಳುತ್ತಲೇ ತಿದ್ದಿದ್ದಳು. ಆಮೇಲೆ ನಮ್ಮ ಮನೆಯಲ್ಲೇ ಉಳಿದಳು.

ಒಂದು ಸೋಮವಾರ ಸೇನೆಯವರು ಸರ್ಕಾರವನ್ನು ಕಿತ್ತುಹಾಕಿದರು. ಕೋರ್ಟುಗಳಿಗೆ ಬೀಗ ಬಿತ್ತು. ಸಭೆಯೊಂದರಲ್ಲಿ ಹತ್ತು ನಿಮಿಷ ಮಾತಾಡಿದ್ದಕ್ಕೆ ಅವಳ ತಮ್ಮ, ಅಂದರೆ ನನ್ನ ಅಪ್ಪ, ಜೈಲು ಸೇರಿದ.

ಹೊಸಬರ ಆದೇಶ ಹಿಡಿದು ಮನೆಗೆ ಬಂದವನು ಅತ್ತೆಯ ಹಳೆಯ ಶಿಷ್ಯನೇ. ಮೂರು ಸಲ ಡುಮ್ಕಿ ಹೊಡೆದವನು, ಈಗ ದೊಡ್ಡ ಅಧಿಕಾರಿ.

"ನಾನೇ ಬರೆದಿದ್ದು ಮೇಡಂ. ತಪ್ಪಿದ್ರೆ ಹೇಳಿ, ಇವತ್ತೇ ಸರಿಮಾಡ್ತೀನಿ."

ಮೊದಲನೇ ಕಲಮಿನಲ್ಲಿ ಹಳೆಯ ಸರ್ಕಾರದ ಕಾನೂನುಗಳನ್ನೆಲ್ಲ ರದ್ದು ಮಾಡಿದ್ದ. ಏಳನೆಯದರಲ್ಲಿ, ಅದೇ ಹಳೆಯ ಕಾನೂನೊಂದರ ಪ್ರಕಾರ ಜನರನ್ನು ಜೈಲಿಗೆ ಹಾಕಬಹುದು ಎಂದಿದ್ದ. ಕೂತ ಕೊಂಬೆಯನ್ನೇ ಕಡಿದುಕೊಂಡಿದ್ದ ಮಹಾನುಭಾವ. ಅತ್ತೆಯ ಬಲಗೈ ಪೆನ್ನಿನ ಕಡೆ ಹೊರಟಿತು. ಅದನ್ನು ಎಡಗೈಯಲ್ಲಿ ಹಿಡಿದುಕೊಂಡು, "ಚೆನ್ನಾಗಿ ಬರ್ದಿದೀಯಪ್ಪ," ಎಂದಳು. ಮೂವತ್ತು ವರ್ಷಗಳಲ್ಲಿ ಅವಳಿಂದ ಆ ಮಾತು ಕೇಳಿದ ಮೊದಲ ಶಿಷ್ಯ ಅವನೇ ಇರಬೇಕು.

ಅಡುಗೆಮನೆಯ ಬಾಗಿಲಲ್ಲಿ ಅಮ್ಮ ನಿಂತಿದ್ದಳು. "ತಮ್ಮನ್ನ ಒಳಗೆ ಹಾಕಿರೋ ಕಾಗದಾನ ಹೊಗಳ್ತೀರಲ್ಲ ಅತ್ತಿಗೆ, ನಾಚಿಕೆ ಆಗಲ್ವಾ?"

ಅಂದಿನಿಂದ ಅಮ್ಮನ ಬಾಯಿಗೆ ಬಿಡುವೇ ಸಿಗಲಿಲ್ಲ. ಹೊಗಳಿಕೆಯ ರುಚಿ ಹತ್ತಿದ ಅಧಿಕಾರಿ ತಿಂಗಳಿಗೊಮ್ಮೆ ಬಂದು ಕಾಫಿ ಕುಡಿಯುತ್ತಿದ್ದ. ಅವನೆದುರೇ ಅಮ್ಮ ಅತ್ತೆಯನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. ನಾನೂ ಅತ್ತೆಯ ಜೊತೆ ಮಾತು ಬಿಟ್ಟೆ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಹನ್ನೊಂದನೇ ತಿಂಗಳಲ್ಲಿ, ಹೊರದೇಶದವರ ಬಾಯಿ ಮುಚ್ಚಿಸಲೆಂದು, ಕೋರ್ಟಿನ ಬಾಗಿಲು ತೆರೆದರು. ಮೊದಲ ದಿನವೇ ಅತ್ತೆ ತಮ್ಮನ ಪರವಾಗಿ ಎದ್ದು ನಿಂತು ಒಂದನೇ ಕಲಂ ಓದಿದಳು, ಏಳನೆಯದನ್ನು ಓದಿದಳು, ಕೂತಳು. ನ್ಯಾಯಾಧೀಶರು ಎರಡು ಸಲ ಕನ್ನಡಕ ಒರೆಸಿಕೊಂಡರು. ಅಧಿಕಾರಿ ಆದೇಶ ತಿದ್ದಿ ತರುವಷ್ಟರಲ್ಲಿ ಅಪ್ಪನೂ ಅವನ ಜೊತೆಗಿದ್ದ ಇನ್ನೂರು ಜನರೂ ಜೈಲಿನಿಂದ ಹೊರಬಿದ್ದಾಗಿತ್ತು.

ಅಮ್ಮ ಅತ್ತೆಯ ಕೈ ಹಿಡಿದುಕೊಂಡು ಅತ್ತಳು. "ನನಗಾದ್ರೂ ಒಂದು ಮಾತು ಹೇಳಬಾರದಿತ್ತಾ ಅತ್ತಿಗೆ?"

"ಹೇಳಿದ್ರೆ ನೀನು ಬೈಯೋದು ನಿಲ್ಲಿಸಿಬಿಡ್ತಿದ್ದೆ," ಎಂದಳು ಅತ್ತೆ. "ನನ್ನ ಹೊಗಳಿಕೆನ ಅವನು ನಂಬಿದ್ದೇ ನಿನ್ನ ಬೈಗುಳ ಕೇಳಿ."