ಖಾಸೀಂಬಿಯ ಎಮ್ಮೆ ಮತ್ತು ಸರಕಾರದ ಬಹುಮಾನ

ಅಫಜಲಪುರದ ಕರೀಮಸಾಬರ ಅಂಗಳಕ್ಕೆ ಮೊದಲ ಸಲ ಹೋದವರು ಒಂದು ಗೂಟಕ್ಕೆ ಎಡವುತ್ತಿದ್ದರು. ನಾನು ಎರಡನೇ ಸಲವೂ ಎಡವಿದೆ, ಮೂರನೇ ಸಲವೂ ಎಡವಿದೆ. ಎಮ್ಮೆ ಕಟ್ಟುವ ಗೂಟ ಅದು. ಎಮ್ಮೆ ಮಾತ್ರ ಇರಲಿಲ್ಲ.

"ಇದನ್ನ ಕಿತ್ತು ಒಗೀಬಾರದೇನ್ರಿ?" ಎಂದು ಹೆಬ್ಬೆರಳು ಹಿಡಿದುಕೊಂಡು ಕೇಳಿದರೆ ಕರೀಮಸಾಬರ ಹೆಂಡತಿ ಖಾಸೀಂಬಿ, "ಇರ್ಲಿ ಬಿಡ್ರಿ ಮಾಸ್ತರ್ರ. ಇವರಿಗಿ ದಿನಾ ನೆನಪಾಗ್ಬೇಕು" ಎನ್ನುತ್ತಿದ್ದರು.

ನೆನಪಾಗಬೇಕಾದದ್ದು ಇಷ್ಟೆ. ಆ ಗೂಟದಲ್ಲಿದ್ದ ಖಾಸೀಂಬಿಯ ತವರಿನ ಎಮ್ಮೆಯನ್ನು ಮಾರಿ ಕರೀಮಸಾಬರು ಸೋಲಾರ್ ಪ್ಲೇಟು ಕೊಂಡಿದ್ದರು. ಇನ್ನೊಂದು ಎಮ್ಮೆ ತಂದು ಕಟ್ಟುತ್ತೇನೆಂದು ಮಾತು ಕೊಟ್ಟಿದ್ದರು. ಮಾತು ಅಲ್ಲೇ ಇತ್ತು, ಗೂಟವೂ ಅಲ್ಲೇ ಇತ್ತು.

ಕರೀಮಸಾಬರದು ಮೊದಲಿನಿಂದಲೂ ನೀರೆತ್ತುವ ಉದ್ಯೋಗ. ಭೀಮಾ ದಂಡೆಯ ಹೊಲಗಳಿಗೆ ಡೀಸೆಲ್ ಇಂಜಿನ್ ಬಾಡಿಗೆಗೆ ಕೊಡುತ್ತಿದ್ದರು. ಅದನ್ನು ಚಾಲು ಮಾಡಲು ಹ್ಯಾಂಡಲ್ ತಿರುಗಿಸಬೇಕು. ಒಂದು ದಿನ ಹ್ಯಾಂಡಲ್ ತಿರುಗಿ ಒದ್ದು ಇವರ ಬಲ ಮಣಿಕಟ್ಟು ಮುರಿಯಿತು. ಅಂದಿನಿಂದ ಅವರು ಸಲಾಂ ಮಾಡಿದರೆ ಕೈ ತುಸು ಓರೆಯಾಗಿ ಹೋಗುತ್ತದೆ. ಹೊಸಬರು ತಮ್ಮ ಪಕ್ಕದವರಿಗೆ ಮಾಡಿದ್ದೆಂದು ತಿಳಿದು ಸುಮ್ಮನಿರುತ್ತಾರೆ. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಅಂಗಳದ ಹೊರಸಿನ ಮೇಲೆ ಬಿಸಿಲು ಕಾಯಿಸುತ್ತ ಕೂತಾಗ, ಬಿಸಿಲು ಯಾರನ್ನೂ ಒದೆಯುವುದಿಲ್ಲವೆಂದು ಅವರಿಗೆ ಹೊಳೆಯಿತಂತೆ. ಪರಿಸರ, ಭೂಮಿಯ ತಾಪ, ಮುಂದಿನ ಪೀಳಿಗೆ ಎಲ್ಲವೂ ಆಮೇಲೆ ನಾನು ಅರ್ಜಿಯಲ್ಲಿ ಸೇರಿಸಿದ್ದು.

ಎಮ್ಮೆಯೂ ಅವರನ್ನು ಎರಡು ಸಲ ಒದ್ದಿತ್ತು. ಅದನ್ನು ಮಾರಿದ್ದು ವಿಜ್ಞಾನಕ್ಕಾಗಿಯಲ್ಲ, ಆ ಸಿಟ್ಟಿಗೆ ಎಂಬುದು ಖಾಸೀಂಬಿಯ ಗುಮಾನಿ.

ಅಂತೂ ಬಂಡಿ ತಯಾರಾಯಿತು. ಗುಜರಿಯ ಗಾಲಿ, ಎತ್ತು ಹೂಡುವ ನೊಗ, ಮೇಲೆ ಕಿಟಕಿಯ ಕದದಂತೆ ಬಿಚ್ಚಿ ಮುಚ್ಚುವ ಪ್ಲೇಟುಗಳು, ಕೆಳಗೆ ಪಂಪು. ಹೊಲಕ್ಕೆ ಒಯ್ದು, ಪ್ಲೇಟು ಬಿಚ್ಚಿ, ಪೈಪನ್ನು ಬಾವಿಗೋ ಹಳ್ಳಕ್ಕೋ ಬಿಟ್ಟರೆ ನೀರು. ಖಾಸೀಂಬಿ ಪೇಂಟರನನ್ನು ಕರೆಸಿ ಬಂಡಿಯ ಬದಿಗೆ ಒಂದು ಎಮ್ಮೆ ಬರೆಸಿದರು, ಋಣ ತೀರುವತನಕ ಇರಲಿ ಎಂದು. ಆ ಪೇಂಟರನಿಗೆ ಬಸವಣ್ಣನನ್ನು ಬರೆದೇ ರೂಢಿ. ಹೀಗಾಗಿ ಎಮ್ಮೆಗೆ ಡುಬ್ಬ ಬಂದಿದೆ.

ಬಂಡಿಯ ಬಾಡಿಗೆಗೂ ಒಂದು ಪದ್ಧತಿ ಬೆಳೆಯಿತು. ಬೇಕಾದವರು ತಮ್ಮ ಎತ್ತು ತಂದು ಹೂಡಿಕೊಂಡು ಹೋಗಬೇಕು. ತಿರುಗಿ ತಂದುಬಿಡುವ ಮಾತಿಲ್ಲ. ಮುಂದಿನವರು ಅದೇ ಹೊಲದಿಂದ ಒಯ್ಯುತ್ತಾರೆ. ಹೀಗೆ ಮನೆಯಿಂದ ಹೊರಟ ಬಂಡಿ ಹೊಲದಿಂದ ಹೊಲಕ್ಕೆ ಬೀಗರ ಮನೆ ಸುತ್ತುವ ಸೋದರಮಾವನಂತೆ ತಿರುಗುತ್ತದೆ. ಬಾಡಿಗೆ ಮಾತ್ರ ತಾನಾಗಿ ಮನೆಗೆ ಬರುತ್ತದೆ, ಎಷ್ಟೋ ಸಲ ಕಾಳಿನ ರೂಪದಲ್ಲಿ.

ಇಂಥ ಹೊತ್ತಿನಲ್ಲಿ ಸರಕಾರ ಸ್ವಚ್ಛ ಇಂಧನದ ಹೊಸ ಉಪಾಯಗಳಿಗೆ ನಗದು ಬಹುಮಾನ ಸಾರಿತು. ಪೇಪರಿನಲ್ಲಿ ಅದನ್ನು ಓದಿ ನಾನೇ ಓಡಿ ಹೋಗಿ ಹೇಳಿದೆ. ಹೈಸ್ಕೂಲಿನ ಕನ್ನಡ ಮಾಸ್ತರ ನಾನು. ಕರೆಂಟಿನ ಬಗ್ಗೆ ನನಗೆ ಗೊತ್ತಿರುವುದು ಅದು ಹೋಗುತ್ತದೆ ಎಂಬುದಷ್ಟೆ. ಆದರೂ ಅರ್ಜಿ ತುಂಬಿದೆ. ಸೂರ್ಯನನ್ನು ವರ್ಣಿಸುವುದರಲ್ಲೇ ಒಂದು ಪುಟ ಮುಗಿದು, ಪಂಪಿಗೆ ಎರಡೇ ಸಾಲು ಉಳಿದವು.

"ರೊಕ್ಕ ಬಂದ್ರ ಎಮ್ಮಿ ಬರ್ತದೇನ್ರಿ ಮಾಸ್ತರ್ರ?" ಎಂದು ಖಾಸೀಂಬಿ ಕೇಳಿದರು.

"ಒಂದಲ್ಲ, ಎರಡು ಬರ್ತಾವ," ಎಂದುಬಿಟ್ಟೆ. ಅರ್ಜಿ ಬರೆದವನಿಗೆ ಬಹುಮಾನ ಆಗಲೇ ಬಂದಂತೆ ಇರುತ್ತದೆ.

ಪರೀಕ್ಷೆಗೆ ಅಧಿಕಾರಿಯೊಬ್ಬರು ಮನೆಗೇ ಬರುತ್ತಾರೆಂದು ಪತ್ರ ಬಂತು. ಖಾಸೀಂಬಿ ಅಂಗಳ ಸಾರಿಸಿದರು. ಕರೀಮಸಾಬರು ಮಗಳ ಮದುವೆಯ ಶೇರವಾನಿ ತೊಟ್ಟರು. ನಾನು ಶಾಲೆಯಿಂದ ಖುರ್ಚಿ ತಂದೆ, ಸ್ವಾಗತ ಭಾಷಣವನ್ನೂ ತಂದೆ. ಚುರುಮುರಿಯ ಸುಸಲಾ, ಭಜಿ, ಹಾರ ಎಲ್ಲ ಸಜ್ಜಾಯಿತು. ಬಂದವರು ಮಂಜರಿ ಎಂಬ ಇಂಜಿನಿಯರ್, ಬೆಂಗಳೂರಿನವರು. ಗೂಟಕ್ಕೆ ಎಡವಿ ಒಳಬಂದರು, ಭಜಿ ತಿಂದರು, ಕೈ ಒರೆಸಿಕೊಂಡು ಕೇಳಿದರು:

"ಯಂತ್ರ ಎಲ್ಲಿದೆ?"

ಕರೀಮಸಾಬರು ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಬಂಡಿ ಮನೆಯಲ್ಲಿರುವುದೇ ಇಲ್ಲವಾದ್ದರಿಂದ ಅದನ್ನು ತರಿಸಿ ಇಡಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ.

"ಹೊಲದಾಗ ಅದರಿ."

"ಯಾವ ಹೊಲದಲ್ಲಿ?"

"ಅದೇ ನೋಡ್ಬೇಕ್ರಿ," ಎಂದರು ಕರೀಮಸಾಬರು.

ಮಂಜರಿ ಗಡಿಯಾರ ನೋಡಿದರು. ಮಧ್ಯಾಹ್ನ ಜೇವರ್ಗಿಯಲ್ಲಿ ಇನ್ನೊಬ್ಬರ ಒಲೆ ನೋಡುವುದಿತ್ತಂತೆ. ಅಷ್ಟರೊಳಗೆ ಯಂತ್ರ ಕಾಣದಿದ್ದರೆ "ಲಭ್ಯವಿಲ್ಲ" ಎಂದು ಬರೆಯಬೇಕಾಗುತ್ತದೆ ಎಂದರು. ಖಾಸೀಂಬಿ ಗೂಟದ ಕಡೆ ನೋಡಿದರು. ನಾವು ಜೀಪು ಹತ್ತಿದೆವು.

ಮಣೂರ ದಾರಿಯಲ್ಲಿ ಒಬ್ಬ ರೈತನನ್ನು ತಡೆದು, "ಸೌರಶಕ್ತಿಚಾಲಿತ ಜಲೋತ್ಥಾಪಕ ನೋಡಿರೇನ್ರಿ?" ಎಂದು ಕೇಳಿದೆ. ಅರ್ಜಿಯ ಅಮಲು ಇಳಿದಿರಲಿಲ್ಲ.

"ನಮ್ಮ ಕಡಿ ಅಂಥಾ ಬ್ಯಾನಿ ಬಂದಿಲ್ರಿ," ಎಂದ ಆತ.

ಕರೀಮಸಾಬರು ಜೀಪಿನಿಂದ ತಲೆ ಹೊರಗೆ ಹಾಕಿ, "ಏ ತಮ್ಮಾ, ಎಮ್ಮಿ ಬಂಡಿ ಎಲ್ಲದಪಾ?" ಎಂದರು.

"ಅದಾ? ನಿನ್ನಿ ಇಲ್ಲೇ ಇತ್ತು. ಮುಂಜಾನಿ ದೇವೀಂದ್ರಪ್ಪ ಎತ್ತು ಹೂಡ್ಕೊಂಡು ಹ್ವಾದ. ಸೊನ್ನದ ದಾರಿ ಹಿಡೀರಿ."

ಸೊನ್ನದ ದಾರಿಯಲ್ಲಿ ಬಟ್ಟೆ ಒಗೆಯುತ್ತಿದ್ದವರಿಗೂ ಎಮ್ಮೆ ಬಂಡಿ ಗೊತ್ತಿತ್ತು, ಕುರಿ ಕಾಯುವವನಿಗೂ ಗೊತ್ತಿತ್ತು. ಕೇಳಿದ ಕಡೆಯೆಲ್ಲ ಯಾರೋ ಒಬ್ಬರು, "ನಮ್ಮದಾದ ಮ್ಯಾಲ ಅವರದು, ಆಮ್ಯಾಲ ಮತ್ತ ನಮ್ಮದು" ಎಂದು ಸರದಿ ಹೇಳುತ್ತಿದ್ದರು. ಮಂಜರಿ ಹಿಂದಿನ ಸೀಟಿನಲ್ಲಿ ಇದನ್ನೆಲ್ಲ ಬರೆದುಕೊಳ್ಳುತ್ತಿದ್ದರು. ನಮ್ಮ ಅಂಕ ಕಡಿಮೆಯಾಗುತ್ತಿದೆ ಎಂದು ನಾನು ತಿಳಿದೆ.

ದೇವೀಂದ್ರಪ್ಪನ ಉಳ್ಳಾಗಡ್ಡಿ ಹೊಲದಲ್ಲಿ ಬಂಡಿ ಪ್ಲೇಟು ಬಿಚ್ಚಿಕೊಂಡು ನಿಂತಿತ್ತು. ಕೆಳಗಿನ ನೆರಳಿನಲ್ಲಿ ಅವನ ಬುತ್ತಿ, ಅವನ ನಾಯಿ. ನಮ್ಮನ್ನು ಕಂಡು ಅವನ ಮುಖ ಸಪ್ಪಗಾಯಿತು.

"ಯಾಕ್ ಬಂದ್ರಿ ಕರೀಮಸಾಬ್? ಅದೇನ್ ಕೆಟ್ಟಿಲ್ಲಲ್ಲ."

"ಮೇಡಂ ಅವರಿಗಿ ತೋರ್ಸಬೇಕು. ಜರಾ ಬಂದ್ ಮಾಡೋ."

"ಈ ಮಡಿ ತುಂಬೂತನಾ ಬಂದ್ ಮಾಡಂಗಿಲ್ಲ ನೋಡ್ರಿ. ಮೇಡಂ ಕೂಡ್ರಲಿ. ರೊಟ್ಟಿ ಅದ, ಹಿಂಡಿ ಅದ."

ಮಂಜರಿ ನಾಯಿಯ ಪಕ್ಕ ನೆರಳಿನಲ್ಲಿ ಕೂತು ಆ ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು ರೊಟ್ಟಿ ತಿಂದರು. ಮಡಿ ತುಂಬಿದ ಮೇಲೆ ಪಂಪು, ತಂತಿ ಎಲ್ಲ ನೋಡಿದರು. ಬಂಡಿಯ ಬದಿಗೆ ಬಂದು, "ಇದು ಎತ್ತಲ್ವಾ?" ಎಂದರು.

"ಅಲ್ರಿ, ಎಮ್ಮಿ," ಎಂದರು ಕರೀಮಸಾಬರು, ತುಸು ನಾಚಿ.

ಕೊನೆಗೆ ನಾನು ಕಾಯುತ್ತಿದ್ದ ಪ್ರಶ್ನೆ ಬಂತು: ಬಹುಮಾನದ ಹಣದಿಂದ ಏನು ಮಾಡುತ್ತೀರಿ? ಇದಕ್ಕೆ ಉತ್ತರವನ್ನು ನಾನು ವಾರವಿಡೀ ಬಾಯಿಪಾಠ ಮಾಡಿಸಿದ್ದೆ: ಸಂಶೋಧನೆ ಮತ್ತು ಅಭಿವೃದ್ಧಿ. ಕರೀಮಸಾಬರು ಬಂಡಿಯ ಮೇಲಿನ ಚಿತ್ರ ನೋಡಿದರು.

"ಎಮ್ಮಿ ತರ್ತೀನ್ರಿ," ಎಂದರು.

ನಾನು ಉಳ್ಳಾಗಡ್ಡಿ ಬೆಳೆಯನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸತೊಡಗಿದೆ.

ತಿಂಗಳ ಮೇಲೆ ಫಲಿತಾಂಶ ಬಂತು. ಮೊದಲ ಬಹುಮಾನ ಜೇವರ್ಗಿಯ ತೊಗರಿ ಕಟ್ಟಿಗೆಯ ಹೊಗೆಯಿಲ್ಲದ ಒಲೆಗೆ, ಎರಡನೆಯದು ನಮ್ಮ ಬಂಡಿಗೆ. ಕಾರಣವನ್ನೂ ಬರೆದಿದ್ದರು: "ಯಂತ್ರವು ಮಾಲೀಕರ ಮನೆಯಲ್ಲಿ ಒಂದು ದಿನವೂ ಇರುವುದಿಲ್ಲ." ನನ್ನ ಸೂರ್ಯವರ್ಣನೆಯ ಪ್ರಸ್ತಾಪ ಎಲ್ಲಿಯೂ ಇರಲಿಲ್ಲ.

ಕೆಳಗೆ ಒಂದು ಷರತ್ತಿತ್ತು: ಹಣವನ್ನು ಸ್ವಚ್ಛ ಇಂಧನಕ್ಕೇ ಖರ್ಚು ಮಾಡಿ ರಸೀದಿ ಒಪ್ಪಿಸಬೇಕು. ಅದನ್ನು ಓದಿ ಹೇಳಿದ ದಿನದಿಂದ ಖಾಸೀಂಬಿ ನನಗೆ ಹಾಲಿಲ್ಲದ ಚಹಾ ಕೊಡತೊಡಗಿದರು. "ಎರಡು ಬರ್ತಾವಂದಿದ್ರಿ," ಎಂದರು.

ಎಂಟು ದಿನ ಕರಿ ಚಹಾ ಕುಡಿದ ಮೇಲೆ ನನಗೂ ಒಂದು ಹೊಳೆಯಿತು. ಮಂಜರಿಯವರಿಗೆ ಫೋನ್ ಮಾಡಿದೆ. ಗೋಬರ್ ಗ್ಯಾಸ್ ಸ್ವಚ್ಛ ಇಂಧನವೇ ತಾನೆ? ಹೌದು. ಹಾಗಾದರೆ ಅದಕ್ಕೆ ಸಗಣಿ ಬೇಕು. ಬೇಕು. ಸಗಣಿಗೆ?

ಆ ಕಡೆಯಿಂದ ನಗು ಕೇಳಿಸಿತು. "ತೊಟ್ಟಿ ಮೊದಲು ಕಟ್ಟಿಸಿ, ಮೇಷ್ಟ್ರೇ. ಎಮ್ಮೆ ಆಮೇಲೆ. ಎರಡಕ್ಕೂ ರಸೀದಿ ಕಳಿಸಿ."

ತೊಟ್ಟಿ ಕಟ್ಟಿಸಿದ್ದಾಯಿತು. ಆಳಂದದ ಕಡೆಯಿಂದ ಎಮ್ಮೆ ಬಂತು, ಒಂದೇ. ಅದರ ಸಗಣಿಯಿಂದ ಎರಡು ಹೊತ್ತಿನ ಚಹಾಕ್ಕಾಗುವಷ್ಟು ಗ್ಯಾಸು ಬರುತ್ತದೆ, ಹಾಲೂ ಅದರದೇ. ನಾನು ಹೋದರೆ ಕೆನೆ ಹಾಕಿ ಕೊಡುತ್ತಾರೆ. ಈಗ ಗೂಟಕ್ಕೆ ಎಡವುವುದಿಲ್ಲ. ಅದರ ಮುಂದೆ ಎಮ್ಮೆ ಇರುವುದರಿಂದ ಎಡವುವ ಮೊದಲೇ ಗೊತ್ತಾಗುತ್ತದೆ. ಋಣ ತೀರಿತೆಂದು ಬಂಡಿಯ ಚಿತ್ರ ಅಳಿಸಲು ಕರೀಮಸಾಬರು ಹೊರಟರೆ ಖಾಸೀಂಬಿಯೇ ತಡೆದರು: "ಅಳಿಸಿದ್ರ ಬಂಡಿ ಎಲ್ಲದಂತ ಯಾರಿಗಿ ಗೊತ್ತಾಗ್ತದ?"

ಮೊನ್ನೆ ಹೋದಾಗ ಕರೀಮಸಾಬರು ಟೇಪು ಹಿಡಿದು ಎಮ್ಮೆಯ ಬೆನ್ನು ಅಳೆಯುತ್ತಿದ್ದರು. ದಿನವಿಡೀ ಬಿಸಿಲಲ್ಲಿ ಮೇಯುತ್ತದೆ, ಒಂದು ಸಣ್ಣ ಪ್ಲೇಟು ಕೂರಿಸಿದರೆ ಮೊಬೈಲ್ ಚಾರ್ಜ್ ಆಗುತ್ತದೆ ಎಂಬುದು ವಿಚಾರ. ಎಮ್ಮೆ ಸೂಕ್ತ ಉತ್ತರ ಕೊಟ್ಟಿತು. ಕರೀಮಸಾಬರು ಮೊಣಕಾಲು ತಿಕ್ಕಿಕೊಳ್ಳುತ್ತ ಹೊರಸಿನ ಮೇಲೆ ಕೂತರು.

ಖಾಸೀಂಬಿ ನನ್ನ ಮುಂದೆ ಚಹಾದ ಕಪ್ಪು-ಬಸಿ ಇಟ್ಟು ಹೇಳಿದರು:

"ಮಾಸ್ತರ್ರ, ಇದಕ್ಕೂ ಅರ್ಜಿ ತುಂಬಿದ್ರಿ ಅಂದ್ರ ಚಾ ಬಂದ್ ನೋಡ್ರಿ."